ಬೆರಳಿನ ಮೇಲಿನ ಬಾಣಗಳು

ಹಲೋ... ಹಲೋ, ಯಾರು ಮಾತಾಡುದು? ಈ ನಂಬರ್ ನನ್ನಲ್ಲಿ ಇಲ್ಲ... ಯಾರು?

...ವಿಸ್ಮಿತಾ? ಸ್ವರವೇ ಗುರ್ತ ಆಗ್ಲಿಲ್ಲ ಮಾರಾಯ್ತಿ. ಅಮ್ಮನ ಫೋನಾ ಇದು... ಹಾಂ, ಟೀಚರೇ ಮಾತಾಡುದು, ಹೇಳು. ನಾನು ಕಾಲೇಜಲ್ಲೇ, ಲ್ಯಾಬಲ್ಲಿ. ನಿನ್ನ ಕ್ಲಾಸಿನವರು ಊಟಕ್ಕೆ ಹೋಗಿದ್ದಾರೆ, ಯಾರೂ ಇಲ್ಲ. ಅಣ್ಣ ಹೇಗಿದ್ದಾನೆ?

...ಹೌದು, ನಿನ್ನ ಕ್ಲಾಸಿನ ಭವಿತ್ ಹೇಳಿದ. ಫರಂಗಿಪೇಟೆಯಲ್ಲಿ ಮನ್ವಿತನ ಬೈಕಿಗೆ ಲಾರಿ ತಾಗಿದ್ದು, ತಲೆಗೆ ಪೆಟ್ಟು, ಮಂಗಳೂರಿಗೆ ಕೊಂಡುಹೋದದ್ದು... ಅಷ್ಟು ಗೊತ್ತುಂಟು. ಫೋನ್ ಮಾಡುವ ಅಂತ ಎಷ್ಟು ಸಲ ಕೈಗೆ ತೆಗೊಂಡೆ. ಎಂತ ಕೇಳುದು ಅಂತ ಗೊತ್ತಾಗದೆ ಇಟ್ಟೆ. ತಪ್ಪು ತಿಳ್ಕೊಳ್ಬೇಡ.

...ಇವತ್ತಾ? ಇವತ್ತು ಸಂಜೆಗೇ ಮೆಷಿನ್ ತೆಗ್ದು ಮನೆಗೆ ಕೊಂಡುಹೋಗುದಾ?... ಅಪ್ಪ ಸೈನ್ ಹಾಕಿ ಆಯ್ತಾ?... ಇನ್ನೂ ಹಾಕ್ಲಿಲ್ಲ. ಸರಿ. ಡಾಕ್ಟ್ರು ಎಂತ ಹೇಳಿದ್ರು? ನೀನು ಸೇರಿಸಿ ಹೇಳ್ಬೇಡ, ಅವರು ಹೇಳಿದ ಹಾಗೆಯೇ ಹೇಳು.

...ಎರಡು ಸಲ ಪರೀಕ್ಷೆ ಮಾಡಿ ನೋಡಿದ್ದಾರೆ. ಮೆದುಳು ಕೆಲಸ ಮಾಡುದಿಲ್ಲ... ಉಸಿರು ಮೆಷಿನಿನದ್ದು... ಹಾಂ... ಹಾಂ.

...ಗೊತ್ತಾಯ್ತು. ಬಾಯಿಗೆ ನೀರು ಬಿಡುದಾದ್ರೆ ಅದು ಬೆಳ್ತಂಗಡಿಯ ಮನೆಯಲ್ಲೇ ಆಗ್ಬೇಕು, ಆಸ್ಪತ್ರೆಯಲ್ಲಿ ಬೇಡ ಅಂತ ಅಜ್ಜ ಹೇಳುದಾ... ನಮ್ಮಲ್ಲಿಯೂ ಹಾಗೆಯೇ ಮಗ. ಹೆಚ್ಚಿನ ಮನೆಗಳಲ್ಲಿ ಹಾಗೆಯೇ. ಅದಕ್ಕೇ ಅಂಬುಲೆನ್ಸಿಗೆ ಹೇಳಿದ್ದಾ ಅಪ್ಪ?

...ಅಳ್ಬೇಡ. ಅಲ್ಲ, ಅಳು, ಅತ್ತೇ ಹೇಳು. ನಾನು ಕಟ್ ಮಾಡುದಿಲ್ಲ.

...ಎಂತದು? ಬೆರಳು ಅಲುಗಿತಾ? ಯಾವಾಗ?... ಬೆಳಿಗ್ಗೆ. ನೀನು ಅಣ್ಣ ಅಣ್ಣ ಅಂತ ಕರೀವಾಗ. ಯಾರು ನೋಡಿದ್ದು?... ಯಾರೂ ನೋಡ್ಲಿಲ್ಲ. ಮತ್ತೆ ಹೇಗೆ...

...ಓ. ಫೋನಿನಲ್ಲಿ ವಿಡಿಯೋ ಮಾಡಿ, ಅದನ್ನು ನಮ್ಮ ಪ್ರೋಗ್ರಾಮಿಗೆ ಹಾಕಿದ್ದಾ. ಪ್ರಾಜೆಕ್ಟಿಗೆ ಬರೆದದ್ದು, ವಿಡಿಯೋದಲ್ಲಿ ಅಲುಗಿದ್ದನ್ನು ಹಿಡಿಯುವಂಥದ್ದು, ಅದೇ ಅಲ್ವಾ?... ಆಸ್ಪತ್ರೆಯ ಬೆಂಚಿನಲ್ಲಿ ಕೂತು ಲ್ಯಾಪ್‌ಟಾಪ್ ತೆಗ್ದಿದ್ದಿ ನೀನು. ಎಂಥ ಹುಡುಗಿ ಮಾರಾಯ್ತಿ.

...ಬಂತು, ವಾಟ್ಸಾಪಿಗೆ ಬಂತು. ತೆರೀತಾ ಉಂಟು. ಈ ಲ್ಯಾಬಿನ ನೆಟ್ ನಿನಗೆ ಗೊತ್ತಲ್ಲ... ಹಾಂ, ಕಾಣ್ತದೆ. ಬೆರಳಿನ ಮೇಲೆ ಬಾಣಗಳುಂಟು. ತೋರುಬೆರಳು, ನಡುಬೆರಳು... ಎಲ್ಲ ಮೇಲ್ಮುಖ. ಹೌದು, ಉಂಟು. ಇಲ್ಲದ್ದನ್ನು ಉಂಟು ಅಂತ ನೀನು ಹೇಳ್ಲಿಲ್ಲ.

...ಅಪ್ಪನಿಗೆ ಹೇಗೆ ತಿಳಿಸಿ ಹೇಳಿದ್ದು?... ಸರಿ ಉಂಟು. ಒಂದು ಚಿತ್ರದಲ್ಲಿದ್ದ ಚುಕ್ಕಿ ಅದರ ಮುಂದಿನ ಚಿತ್ರದಲ್ಲಿ ಎಲ್ಲಿಗೆ ಹೋಯ್ತು ಅಂತ ಕಂಪ್ಯೂಟರ್ ಹುಡುಕ್ತದೆ, ಹೋದ ಕಡೆಗೆ ಬಾಣ ಹಾಕ್ತದೆ. ಚೆಂದ ಹೇಳಿದ್ದಿ... ಅಪ್ಪ ಎಂತ ಹೇಳಿದ್ರು?... ಓ, ನಾನು ಹೌದು ಅಂದ್ರೆ ಸೈನ್ ಹಾಕುದಿಲ್ಲ ಅಂತ. ನನ್ನ ಮೇಲೆ ಬಿಟ್ರಾ ದಯಾನಂದಣ್ಣ.

ವಿಸ್ಮಿತಾ, ಇದರಲ್ಲಿ ಕೈ ಮಾತ್ರ ಉಂಟು. ಸುತ್ತ ಎಲ್ಲ ಕತ್ತರಿಸಿದ್ದಿ. ಮಂಚದ ಕಂಬಿ ಎಲ್ಲಿ?... ಬೇಕು, ನನಗೆ ಕಂಬಿ ಬೇಕು. ಪೂರ್ತಿ ವಿಡಿಯೋ ಕಳಿಸು.

...ಇಲ್ಲ, ಸಂಶಯ ಅಲ್ಲ. ಕಳಿಸು ನೀನು.

...ಬಂತು. ಓಡಿಸ್ತೇನೆ. ಫೋನ್ ಇಡ್ಬೇಡ... ಊಟ ಮಾಡಿದ್ದಿಯಾ?... ಅಮ್ಮ?... ಇಬ್ಬರೂ ಮಾಡ್ಲಿಲ್ಲ. ಒಂದು ಚಾ ಆದ್ರೂ ಕುಡೀಬೇಕು. ಬೀಳ್ತೀರಿ ಮತ್ತೆ.

...ಹಾಂ, ಬಂತು. ನಾನು ಕಾಣುದನ್ನು ಹೇಳ್ತಾ ಹೋಗ್ತೇನೆ, ನೀನು ಕೇಳು. ಬೆರಳಿನ ಮೇಲೆ ಬಾಣ. ಕಂಬಿಯ ಮೇಲೂ ಬಾಣ. ಹಾಸಿಗೆಯ ಮೇಲೆ, ಗೋಡೆಯ ಸ್ವಿಚ್ಚಿನ ಮೇಲೆ ಕೂಡ. ಎಲ್ಲ ಒಂದೇ ಕಡೆಗೆ, ಎಲ್ಲ ಅಷ್ಟಷ್ಟೇ ಉದ್ದ. ಕಂಬಿ ಅಲುಗ್ತದಾ ವಿಸ್ಮಿತಾ? ಗೋಡೆ ಅಲುಗ್ತದಾ?

...ಮೂಡುಬಿದಿರೆ ಬಸ್ ಸ್ಟ್ಯಾಂಡಿನ ವಿಡಿಯೋ ನೆನಪುಂಟಲ್ಲ. ನೀವು ನಡ್ಕೊಂಡು ತೆಗ್ದದ್ದು, ಬಸ್ಸಿನೊಟ್ಟಿಗೆ ಕಟ್ಟಡವೂ ಕಾರ್ಕಳಕ್ಕೆ ಹೊರಟದ್ದು. ಎಷ್ಟು ನಕ್ಕದ್ದು ನಾವು. ಮತ್ತೆ ಕ್ಯಾಮೆರಾದ ಅಲುಗಾಟವನ್ನು ಕಳೆಯುವ ಭಾಗ ಬರೆದದ್ದು ಯಾರು?... ನೀನೇ. ಈಗ ಅದನ್ನು ಹಾಕಿ ಓಡಿಸ್ತೇನೆ. ನಿಲ್ಲು.

...ಕಂಬಿಯದ್ದು ಹೋಯ್ತು. ಗೋಡೆಯದ್ದು ಹೋಯ್ತು. ನಡುಬೆರಳಿನದ್ದೂ... ಹೋಯ್ತು.

...ಹಾಂ, ಹೌದು. ತೋರುಬೆರಳಿನ ತುದಿಯಲ್ಲಿ ಸ್ವಲ್ಪ ಉಳಿದಿದೆ... ಬೇಡ, ಬೇಡ, ಅಪ್ಪನನ್ನು ಕರೀಬೇಡ. ಕೂತ್ಕೊ. ಆ ಬೆರಳಿಗೆ ಕ್ಲಿಪ್ ಹಾಕಿದ್ದಾರಲ್ಲ, ಕೆಂಪು ಲೈಟಿನದ್ದು?... ಅದರ ಬೆಳಕು ಹೆಚ್ಚುಕಮ್ಮಿ ಆಗ್ತಾ ಉಂಟು ನೋಡು. ಚುಕ್ಕಿಯ ಬೆಳಕು ಬದಲಾಗುದಿಲ್ಲ, ಜಾಗ ಮಾತ್ರ ಬದಲಾಗುದು ಅಂತ ನಂಬಿ ಅಲ್ವಾ ನಾವು ಲೆಕ್ಕ ಹಾಕುದು. ಬೆಳಕೇ ಬದಲಾದ್ರೆ ಪಾಪ ಆ ಕಂಪ್ಯೂಟರಿಗೆ ಎಂತ ಗೊತ್ತು, ಚುಕ್ಕಿ ನಡೆಯಿತು ಅಂತ ಬಾಣ ಹಾಕ್ತದೆ. ಒಂದು ಆಚೆಗೆ, ಒಂದು ಈಚೆಗೆ. ಬೆರಳು ಹಾಗೆ ಎಲ್ಲ ಕಡೆಗೆ ಒಟ್ಟಿಗೆ ಹೋಗ್ಲಿಕ್ಕೆ ಆಗುದಿಲ್ಲ.

...ಅಲುಗಿದ್ದು ನಿನ್ನ ಕೈ ವಿಸ್ಮಿತಾ. ಫೋನ್ ಹಿಡಿದ ಕೈ. ನಡುಗಿದೆ.

...ಕೇಳ್ತಾ ಇದ್ದಿಯಾ?

...ಒಂದು ಕೇಳ್ತೇನೆ, ಬೇಜಾರು ಮಾಡ್ಬೇಡ. ನೀನೇ ಬರೆದ ಭಾಗ. ಇವತ್ತು ಅದನ್ನು ಹಾಕ್ಲಿಕ್ಕೆ ಮರ್ತದ್ದಾ?... ಮರ್ತದ್ದಲ್ಲ?

...ಮೊದಲು ಹಾಕಿಯೇ ನೋಡಿದ್ದಿ. ಏನೂ ಉಳೀಲಿಲ್ಲ. ಅದಕ್ಕೆ ತೆಗ್ದುಬಿಟ್ಟಿದ್ದಿ. ಮತ್ತೆ ಕೈಯನ್ನು ಮಾತ್ರ ಕತ್ತರಿಸಿದ್ದಿ... ಅಯ್ಯೋ ಮಗಾ.

...ಇಲ್ಲ, ಬೈಯುದಿಲ್ಲ. ಯಾಕೆ ಬೈಯ್ಲಿ? ನನ್ನ ಅಣ್ಣ ಹಾಗೆ ಮಲಗಿದ್ರೆ ನಾನು ಕೂಡ ಎಂತ ಮಾಡ್ತಿದ್ದೆನೋ.

...ಅದು ಮಾತ್ರ ನನ್ನಿಂದ ಆಗುದಿಲ್ಲ. ಇಲ್ಲ ವಿಸ್ಮಿತಾ, ಅಪ್ಪನಿಗೆ ಹೌದು ಅಂತ ಹೇಳ್ಲಿಕ್ಕೆ ನನ್ನಿಂದ ಆಗುದಿಲ್ಲ... ಒಂದು ದಿನಕ್ಕೆ ಮುಗೀತದಾ ಅದು? ನಾಳೆ ನೀನು ಇನ್ನೊಂದು ವಿಡಿಯೋ ತೆಗೀತಿ. ಅಪ್ಪ ಅದನ್ನು ಕಣ್ಣು ಮಿಟುಕಿಸದೆ ನೋಡ್ತಾ ಕೂರ್ತಾರೆ. ಡಾಕ್ಟ್ರು ಎರಡು ಸಲ ನೋಡಿ ಹೇಳಿದ್ದು ನಮ್ಮ ಬಾಣದಿಂದ ಬದಲಾಗುದಿಲ್ಲ. ಬೇಕಾದ್ರೆ ಇನ್ನೊಮ್ಮೆ ಅವರನ್ನೇ ಕೇಳು, ಎದುರು ನಿಂತು ಕೇಳು. ನನ್ನ ಬಾಯಿಂದ ಸುಳ್ಳು ಹೇಳಿಸ್ಬೇಡ.

...ಹಾಂ. ಬೈದುಬಿಡು... ನನ್ನದು ಕಲ್ಲು ಮನಸ್ಸೇ ಅಂತ ಇಟ್ಕೊ. ನಿನಗೆ ಹೇಗೆ ಕಾಣ್ತದೋ ಹಾಗೆ. ನನಗೂ ಸಂಕಟ ಆಗ್ತದೆ ಮಾರಾಯ್ತಿ, ಇಲ್ಲಿ ಒಬ್ಬಳೇ ಕೂತು ನನಗೂ ಅಳು ಬರ್ತಾ ಉಂಟು.

...ವಿಸ್ಮಿತಾ? ಎಲ್ಲಿ ಹೋದೆ?... ಹಲೋ?

...ಓ, ಪದ್ಮಾಕ್ಷಿಯಮ್ಮನಾ. ನಮಸ್ಕಾರ. ನಾನು ಶ್ರಾವ್ಯಾ, ಅವಳ ಟೀಚರ್. ನನ್ನ ತುಳು ಅಷ್ಟು ಸರಿ ಇಲ್ಲ, ಕನ್ನಡದಲ್ಲೇ ಹೇಳ್ತೇನೆ ಆಗದಾ... ಅವಳು ಎಲ್ಲಿ?... ಕೆಳಗೆ ಕೂತಿದ್ದಾಳಾ. ಕೂತ್ಕೊಳ್ಳಲಿ, ಎಬ್ಬಿಸ್ಬೇಡಿ.

...ಇಲ್ಲಮ್ಮ. ಅಲುಗ್ಲಿಲ್ಲ. ನಾನು ಸರಿಯಾಗಿ ನೋಡಿದೆ. ಅಲುಗ್ಲಿಲ್ಲ.

...ನಿಮಗೆ ಗೊತ್ತಿತ್ತಾ?... ಆಚೆ ಕೈ ನೀವು ಹಿಡ್ಕೊಂಡೇ ಇದ್ದದ್ದು. ಹಾಂ... ಹೌದು, ತಾಯಿ ಹೇಳಿದ್ರೆ ಆ ಪ್ರಾಯದಲ್ಲಿ ಯಾರು ಕೇಳ್ತಾರೆ. ಅದಕ್ಕೆ ನನಗೆ ಫೋನ್ ಮಾಡ್ಲಿಕ್ಕೆ ಬಿಟ್ಟದ್ದಾ. ಆಯ್ತಮ್ಮ, ಹೇಳಿ ಆಯ್ತು. ಹೇಳಿದ್ದು ಸರಿಯಾ ತಪ್ಪಾ ಅಂತ ನನಗೆ ಗೊತ್ತಾಗುದಿಲ್ಲ.

...ದಯಾನಂದಣ್ಣ ಬಂದ್ರಾ... ನಾನು ಹೇಳಿದ್ದನ್ನು ಅವರಿಗೆ ಹೇಳಿದ್ರಾ... ಸೈನ್ ಹಾಕ್ಲಿಕ್ಕೆ ಹೋದ್ರು. ಸರಿ.

...ಎಂತಮ್ಮ?... ಅವನ ಹತ್ರ? ನಾನಾ?... ಎಲ್ಲರೂ ಒಂದೊಂದು ಮಾತು ಹೇಳಿ ಆಯ್ತಾ... ಕಿವಿಯ ಹತ್ರ ಫೋನ್ ಹಿಡೀತೀರಾ. ಅಮ್ಮ, ನಾನು ಈಗಷ್ಟೇ... ಅಲ್ಲ, ಬೇಡ ಅಂತ ಅಲ್ಲ. ಎಂತ ಹೇಳುದು ಅಂತ... ಸರಿ. ಹಿಡೀರಿ. ಹೇಳ್ತೇನೆ.

...

ಮನ್ವಿತ್. ನಾನು, ಶ್ರಾವ್ಯಾ ಟೀಚರ್.

...

ದಿನಾ ಬೆಳಿಗ್ಗೆ ತಂಗಿಯನ್ನು ಗೇಟಿನಲ್ಲಿ ಇಳಿಸಿ, ಇವಳಿಗೆ ಸ್ವಲ್ಪ ಬೈಯಿರಿ ಟೀಚರ್ ಅಂತ ಹೇಳಿ ಹೋಗ್ತಿದ್ದಿ ನೀನು. ನಾನು ಒಮ್ಮೆಯೂ ಬೈಲಿಲ್ಲ ಮಾರಾಯ. ಬೈಯುವಂಥದ್ದು ಅವಳು ಎಂತದೂ ಮಾಡ್ಲಿಲ್ಲ. ಇವತ್ತು ಕೂಡ ಮಾಡ್ಲಿಲ್ಲ.

...

ಅವಳ ಪರೀಕ್ಷೆ, ಪ್ರಾಜೆಕ್ಟು ಎಲ್ಲ ನಾನು ನೋಡ್ಕೊಳ್ತೇನೆ. ಬೆಳಿಗ್ಗೆ ಬಸ್ಸು ಉಂಟು, ಬರ್ತಾಳೆ. ನೀನು ಅದರ ಬಗ್ಗೆ ತಲೆಬಿಸಿ ಮಾಡ್ಬೇಡ.

...

ಅಪ್ಪ ಬರ್ತಾರೆ ಈಗ. ಎಲ್ಲರೂ ಒಟ್ಟಿಗೆ ಮನೆಗೆ ಹೋಗುವ, ಆಯ್ತಾ?

...

ಮನ್ವಿತ್... ಕೇಳ್ತದಾ?

...

ಹಲೋ... ಹಲೋ, ಕೇಳ್ತದಾ... ಹಲ—