ಮುಚ್ಚುವ ಮುನ್ನ ಒಂದು ಮಾತು

…ಅಲ್ಲ ಪುಟ್ಟಿ, ನೀನೇ ನ್ಯಾಯ ಹೇಳು. ಕೇಳಬೇಕೋ ಬೇಡವೋ? "ಸ್ವಾಮೀ, ಈ ವಿಂಡೋ ಮುಚ್ತಾ ಇದ್ದೀನಿ, ಒಳಗೆ ಯಾರದೋ ಕೆಲಸ ಅರ್ಧಕ್ಕೆ ನಿಂತಿದೆ, ಮುಚ್ಚಲಾ, ಬಿಡಲಾ?" ಇಷ್ಟೇ! ಇಷ್ಟು ಕೇಳೋದಕ್ಕೆ ಈ ಕಂಪ್ಯೂಟರಿನ ಗಂಟೇನು ಹೋಗ್ತಿತ್ತು? ಮೂಲೆಯ ಇಂಟು ಮಾರ್ಕಿಗೆ ನನ್ನ ಬಾಣ ತಾಗಿತೋ ಇಲ್ಲವೋ, ಟಪ್! ಮಾಯ! ಒಂದು ಕೆಮ್ಮಿಲ್ಲ, ಒಂದು ಸೂಚನೆಯಿಲ್ಲ. ಸಾಯೋ ಮುದುಕನಾದ್ರೂ ಒಂದು ಸಲ ಬಿಕ್ಕಳಿಸಿ ಹೋಗ್ತಾನೆ ಕಣೇ!

ಮೊದಲು ಆ ಹೆಲ್ಮೆಟ್ ತೆಗಿ. ಸ್ಟುಡಿಯೋ ಬಾಗಿಲಿಗೇ ಅಡ್ಡ ನಿಂತ್ರೆ ಗಿರಾಕಿಗಳು ಒಳಗೆ ಹೇಗೆ ಬರಬೇಕು? …ಯಾರೂ ಬರ್ತಾ ಇಲ್ಲ, ನನಗೂ ಕಾಣುತ್ತೆ. ಆದ್ರೂ ಬಾಗಿಲು ಬಾಗಿಲೇ. ಶಾಲೆಯವರಿಗೆ ಗ್ರೂಪ್ ಫೋಟೋ ಕೊಟ್ಟು ಬಂದ್ಯಾ? ಹೆಡ್‌ಮಿಸ್ ಏನಂದ್ರು? "ನಿಮ್ಮ ಮಾವ ತೆಗೆದ ಫೋಟೋದಲ್ಲಿ ಮಾತ್ರ ನಮ್ಮ ಮಕ್ಕಳು ಮನುಷ್ಯರ ಹಾಗೆ ಕಾಣ್ತಾರೆ" ಅಂದಿರಬೇಕು. …ಅನ್ನಲಿಲ್ವಾ? ಅಂದಿರ್ತಾರೆ. ನೀನು ಕೇಳಿಸ್ಕೊಂಡಿಲ್ಲ.

ಹಾಗೆ ನೋಡಬೇಡ. ನಡೆದದ್ದನ್ನ ನಡೆದ ಹಾಗೇ ಹೇಳ್ತೀನಿ, ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಮ್ಮಿ ಇಲ್ಲ. ನೀನು ಅತ್ತ ಹೋದೆ. ಇತ್ತ ಒಬ್ಬ ಆಸಾಮಿ ಬಂದ. ಪಾಸ್‌ಪೋರ್ಟ್ ಸೈಜ್, ಅರ್ಜೆಂಟು! ಎಂಥಾ ಅರ್ಜೆಂಟು ಅಂದ್ರೆ, ಕುರ್ಚಿ ಮೇಲೆ ಕೂತ ಮೇಲೂ ಅವನ ಕಾಲು ನಡೀತಾನೇ ಇತ್ತು. ಫೋಟೋ ತೆಗೆದೆ, ಕಂಪ್ಯೂಟರ್ ಮುಂದೆ ಕೂತೆ. ನೋಡ್ತೀನಿ, ಒಂದರ ಮೇಲೊಂದು ಒಂಬತ್ತು ವಿಂಡೋ! ಒಗೆಯೋ ಬಟ್ಟೆ ರಾಶಿ ಬಿದ್ದ ಹಾಗೆ! ಬೇಡದ್ದನ್ನೆಲ್ಲ ಟಪಟಪ ಮುಚ್ಚಿದೆ. ಅದರೊಳಗೆ ನಿನ್ನ ಸ್ಪರ್ಧೆಯ ಫೋಟೋನೂ ಇತ್ತು ಅಂತ ನನಗೇನು ಕನಸು ಬಿದ್ದಿತ್ತಾ? ಯಾವ ಫೋಟೋ, ಯಾರ ಫೋಟೋ, ಒಂದೂ ನೋಡಿಲ್ಲ. ನನ್ನ ಮೀಸೆ ಆಣೆಗೂ ನೋಡಿಲ್ಲ.

…ಹೌದು, ಬಣ್ಣ ಹಚ್ಚಿದ ಮೀಸೆನೇ. ಆಣೆಗೆ ಅದೂ ನಡೆಯುತ್ತೆ.

ಗಡಿಯಾರ ನೋಡಬೇಡ ಮಗಳೇ, ನನಗೂ ಕಣ್ಣಿದೆ. ಐದು ಇಪ್ಪತ್ತು. ಆರಕ್ಕೆ ಸ್ಪರ್ಧೆಯವರು ಫೋಟೋ ತಗೊಳ್ಳೋದು ನಿಲ್ಲಿಸ್ತಾರೆ. ಮೂರು ದಿನ ನೀನು ಕತ್ತು ಸೊಟ್ಟ ಮಾಡ್ಕೊಂಡು ತಿದ್ದಿದ್ದೆ. ಗೆದ್ದರೆ ಆ ದೊಡ್ಡ ಫೋಟೋಗ್ರಾಫರಮ್ಮನ ಹತ್ರ ಆರು ತಿಂಗಳು ಕಲಿಯೋ ಅವಕಾಶ. ಆಯ್ಕೆಯಾದ ಹತ್ತು ಫೋಟೋಗಳನ್ನ ಆಳೆತ್ತರ ಮಾಡಿ ಪುರಭವನದ ಗೋಡೆಗೆ ತೂಗುಹಾಕ್ತಾರೆ, ಊರಿಗೆ ಊರೇ ಬಂದು ನೋಡುತ್ತೆ… ಎಲ್ಲ ಗೊತ್ತು. ಗೊತ್ತಿದ್ದೇ ಹೊಟ್ಟೆ ಉರೀತಾ ಇದೆ, ಆ ಸಾಫ್ಟ್‌ವೇರ್ ಬರೆದವನ ಮೇಲೆ!

ಆದ್ರೆ ನೀನೂ ಒಂದು ಮಾತು ಯೋಚನೆ ಮಾಡು. ಮೂರು ದಿನದಲ್ಲಿ ಒಂದೇ ಒಂದು ಸಲ ಸೇವ್ ಮಾಡಬಾರದಿತ್ತಾ? "ಕಂಪ್ಯೂಟರ್ ಆಫ್ ಮಾಡಬೇಡಿ ಮಾವ, ವಿಂಡೋ ತೆರೆದೇ ಇರಲಿ ಮಾವ" ಅಂತ ಚೀಟಿ ಅಂಟಿಸಿದ್ದೀಯ, ಸರಿ. ಸೋಮವಾರ ಬೆಳಿಗ್ಗೆ ಕ್ಯಾಮೆರಾ ಕಾರ್ಡ್ ಖಾಲಿ ಮಾಡೋದು ನಮ್ಮ ಅಂಗಡಿ ಪದ್ಧತಿ. ನೀನೇ ನಿನ್ನೆ ಖಾಲಿ ಮಾಡಿದೆ. ಅಂದಮೇಲೆ ಆ ಫೋಟೋ ಇದ್ದ ಜಾಗ ಈ ಪ್ರಪಂಚದಲ್ಲಿ ಅದೊಂದೇ, ಆ ವಿಂಡೋ! ಒಂದೇ ಕೊಂಬೆಗೆ ಇಡೀ ಸಂಸಾರ ನೇತುಹಾಕ್ತಾರೇನೇ ಯಾರಾದ್ರೂ?

…ಸರಿ, ಸರಿ. ನಿನ್ನ ತಪ್ಪು ಅಂತ ನಾನು ಅಂದೆನಾ? ತಪ್ಪು ಅದರದ್ದು! ಕೇಳಲಿಲ್ಲವಲ್ಲ, ಅದರದ್ದು!

ಹೋದ ವಾರ ಇದೇ ಜಾಗದಲ್ಲಿ ನಿಂತು ನೀನು ನನ್ನ ಹತ್ರ ವಾದ ಮಾಡಿದ್ದೆ, ನೆನಪಿದೆಯಾ? "ಮಾವ, ಎಲ್ಲದಕ್ಕೂ ಖಚಿತಾನಾ ಖಚಿತಾನಾ ಅಂತ ಪೀಡಿಸಿದ್ರೆ ಜನ ಓದೋದೇ ಬಿಡ್ತಾರೆ, ಕಣ್ಣು ಮುಚ್ಕೊಂಡು ಹೌದು ಒತ್ತುತ್ತಾರೆ, ಕೇಳಿ ಏನು ಬಂತು?" ಅಂತ. ನಾನು ಏನಂದೆ? ಕೇಳಲೇಬೇಕು ಅಂದೆ! ಪಕ್ಕದ ಕ್ಷೌರದಂಗಡಿಯವನು ನನ್ನ ಮೀಸೆ ಹತ್ರ ಕತ್ತರಿ ತಂದಾಗಲೆಲ್ಲ ಕೇಳ್ತಾನೆ, "ಅಣ್ಣಾ, ಮುಟ್ಟಲಾ?" ಮೂವತ್ತೊಂದು ವರ್ಷದಿಂದ ಅದೇ ಪ್ರಶ್ನೆ, ಅದೇ ಉತ್ತರ. ಒಂದು ದಿನ ಕೇಳದೇ ಬಿಟ್ಟರೆ? ಮಾರನೇ ದಿನ ನನ್ನ ಮುಖ ನೋಡಿ ನೀನೇ ಕೇಳ್ತಿದ್ದೆ, ಯಾರು ಬೇಕಾಗಿತ್ತು ಅಂತ!

ಹಾಂ, ನಿನ್ನ ಮಾತಲ್ಲೂ ಹುರುಳಿದೆ ಬಿಡು. ನಿಮ್ಮತ್ತೇನೇ ನೋಡು. ಮನೆ ಬಿಡೋವಾಗ ಮೂರು ಪ್ರಶ್ನೆ. "ಗ್ಯಾಸ್ ಆಫ್ ಮಾಡಿದ್ರಾ? ಒಳಗೆ ಎಲ್ಲ ನೋಡಿದ್ರಾ? ಬೀಗ ಎಳೆದು ನೋಡಿದ್ರಾ?" ನಾನು ಹೂಂ, ಹೂಂ, ಹೂಂ. ಒಂದು ಸಲ ಮೂರು ಹೂಂ ಹಾಕಿ, ಬೀಗ ಎಳೆದೂ ನೋಡಿ, ಬಸ್ಸಿನಲ್ಲಿ ಕೂತು ಎರಡು ಊರು ದಾಟಿದ ಮೇಲೆ ನೆನಪಾಯ್ತು, ನಮ್ಮತ್ತೆಯವರು ಒಳಗೆ ಮಲಗಿದ್ರು! ಓಡಿ ಬಂದು ಬಾಗಿಲು ತೆಗೆದ್ರೆ ಆ ಪುಣ್ಯಾತ್ಗಿತ್ತಿ ಏನಂದ್ರು ಗೊತ್ತಾ? "ಅಳಿಯಂದ್ರೇ, ಇಷ್ಟು ನೆಮ್ಮದಿಯ ದಿನ ಕಂಡು ಹನ್ನೆರಡು ವರ್ಷ ಆಗಿತ್ತು, ಇನ್ನೊಂದೆರಡು ಗಂಟೆ ಬಿಟ್ಟು ಬರಬಹುದಿತ್ತು."

ಯಾಕೆ? ನಗು ಬರಲಿಲ್ವಾ? ಬೇರೆ ದಿನ ಇದಕ್ಕೆ ಬಿದ್ದು ಬಿದ್ದು ನಗ್ತಿದ್ದೆ.

ನಗಿಸೋದು ನನ್ನ ಕಸುಬು ತಾಯಿ. ಫೋಟೋ ತೆಗೆಯೋದು ಆಮೇಲೆ. ಜನ ಈ ಸ್ಟೂಲಿನ ಮೇಲೆ ಕೂತ ಕೂಡಲೇ ಹಲಗೆ ಆಗ್ತಾರೆ. ಕತ್ತು ಹಲಗೆ, ಭುಜ ಹಲಗೆ, ಮುಖವಂತೂ ಸಾಲಗಾರ ಬಂದ ಹಾಗೆ. ಆಗ ನಾನು ಸುಮ್ನೆ ಏನೋ ಶುರು ಮಾಡ್ತೀನಿ. ಗೂಳಿ ಕಥೆ! ಬಯಲಲ್ಲಿ ನಿಂತಿದ್ದೀನಿ, ಎದುರಿಗೆ ಗೂಳಿ ನುಗ್ಗಿ ಬರ್ತಾ ಇದೆ, ನೆಲ ನಡುಗ್ತಾ ಇದೆ. ಬೇರೆಯವರಾದ್ರೆ ಓಡ್ತಿದ್ರು. ನಾನು ಕ್ಯಾಮೆರಾ ಎತ್ತಿ, "ಸ್ವಲ್ಪ ಗಲ್ಲ ಮೇಲೆ… ಎಡಕ್ಕೆ… ಹಾಂ, ಉಸಿರು ಹಿಡೀರಿ" ಅಂದೆ. ನಿಂತುಬಿಡ್ತು! ಗಲ್ಲ ಎತ್ತಿ ನಿಂತುಬಿಡ್ತು! ಮುಂದಿನ ವಾರ ಹೆಂಡತೀನೂ ಕರ್ಕೊಂಡು ಬಂತು, ಜೋಡಿ ಫೋಟೋಕ್ಕೆ… ಅಷ್ಟು ಹೊತ್ತಿಗೆ ಸ್ಟೂಲಿನ ಮೇಲಿದ್ದ ಹಲಗೆಯ ತುಟಿ ಅಲ್ಲಾಡುತ್ತೆ. ನಗು ಹುಟ್ಟೋದಕ್ಕೆ ಅರೆಕ್ಷಣ ಮುಂಚೆ ಒತ್ತಬೇಕು. ಈ ಬೆರಳಿಗೆ ಅದು ಗೊತ್ತು! ಯಾರೂ ಹೇಳಿಕೊಡಬೇಕಾಗಿಲ್ಲ. ನಾಲಿಗೆಗೂ ಅಷ್ಟೇ, ಹುಟ್ಟುಗುಣ. ಕ್ಷೌರದವನು ಬಾಯಿ ಬಿಟ್ಕೊಂಡು ಕೇಳ್ತಾನೆ, "ಎಲ್ಲಿಂದ ಉದುರುತ್ತೆ ಅಣ್ಣಾ ನಿನಗೆ ಇದೆಲ್ಲ?" ಅಂತ. "ಬಾಯಿ ತೆಗೆದ್ರೆ ಉದುರುತ್ತೆ, ಮುಚ್ಚೋದೇ ಕಷ್ಟ" ಅಂತೀನಿ.

…ಸರಿಯಮ್ಮ. ಕಥೆ ಬೇಡ. ಪರಿಹಾರ ಹೇಳ್ತೀನಿ, ಕೇಳು. ಇನ್ನೂ ಮೂವತ್ತೈದು ನಿಮಿಷ ಇದೆ. ಬೇರೆ ಫೋಟೋ ಕಳಿಸಿಬಿಡು! ವಿಷಯ ಏನು? "ಕೆಲಸದಲ್ಲಿರುವ ಮನುಷ್ಯ", ಅಲ್ವಾ? ಊರ ತುಂಬ ಮನುಷ್ಯರು, ಮನುಷ್ಯರ ತುಂಬ ಕೆಲಸ! ಪಂಕ್ಚರ್ ಅಂಗಡಿಯವನದ್ದು ತೆಗೆದಿದ್ದೀಯಲ್ಲ, ಟ್ಯೂಬನ್ನ ನೀರಲ್ಲಿ ಮುಳುಗಿಸಿ ಗುಳ್ಳೆ ನೋಡ್ತಾ ಇರೋದು. ಎಂಥಾ ಫೋಟೋ ಅದು! ಎಂಥಾ ಬೆಳಕು! ಅವನನ್ನ ಕಳಿಸೋದು ಬಿಟ್ಟು ನನ್ನಂಥಾ ಮುದಿಗೊಡ್ಡನ ಮುಖ ಯಾಕೆ ಬೇಕಾಗಿತ್ತು ನಿನಗೆ…

…

ಏನು?

ನಾನೇನಂದೆ? ಮುದಿಗೊಡ್ಡ ಅಂದೆ. ಸುಮ್ನೆ ಮಾತಿಗೆ… ಅಲ್ಲ, ಕಂಡಿತು. ಒಂಚೂರು ಕಂಡಿತು. ಮುಚ್ಚೋ ಹೊತ್ತಿಗೆ ಹೀಗೆ ಮಿಂಚಿ ಹೋಯ್ತು. ಮಿಂಚು ನೋಡಿದವನು ಮೋಡ ನೋಡಿದ ಹಾಗಾಯ್ತಾ? ಯಾರೋ ಗಂಡಸು, ಕನ್ನಡಿ ಮುಂದೆ… ಅಷ್ಟೇ. ಎರಡು ಬೆರಳು ತಲೆ ಮೇಲೆ ಕೊಂಬಿನ ಹಾಗೆ… ಅಷ್ಟೇ ಕಂಡಿದ್ದು.

ಹಾಗೆ ಕೈ ಕಟ್ಕೊಂಡು ನಿಲ್ಲಬೇಡ್ವೇ! ನಿಮ್ಮಮ್ಮನೂ ಚಿಕ್ಕಂದಿನಲ್ಲಿ ಹೀಗೇ ನಿಲ್ತಿದ್ಲು, ಒಂದು ಮಾತಾಡ್ತಿರಲಿಲ್ಲ, ನಾನು ಕದ್ದಿದ್ದು ನಾನೇ ತಂದುಕೊಡ್ತಿದ್ದೆ. ಏನು ತಪ್ಪು ಮಾಡಿದ್ದೀನಿ ಅಂತ ಹೀಗೆ ನೋಡ್ತೀಯ? ನೀನು ಮಾಡಿದ್ದು ಸರೀನಾ? ಬೆಳಿಗ್ಗೆ ಷಟರ್ ಎತ್ತೋದಕ್ಕೆ ಮುಂಚೆ, ಪರದೆ ಹಿಂದೆ ಬೆಕ್ಕಿನ ಹಾಗೆ ನಿಂತು, ಒಬ್ಬ ಹಿರೀಮನುಷ್ಯ ತನ್ನ ಪಾಡಿಗೆ ತಾನು ಏನೋ ಮಾಡ್ಕೊಳ್ತಿದ್ರೆ ಕ್ಲಿಕ್ ಅನ್ನಿಸೋದಾ? "ಮಾವ, ತೆಗೀಲಾ?" ಅಂತ ಒಂದು ಮಾತು ಕೇಳಿದ್ಯಾ? ಆ ಯಂತ್ರಕ್ಕಿರೋ ಮರ್ಯಾದೆ ನಿನಗಿಲ್ಲವಲ್ಲೇ! ಅದಾದ್ರೂ ಎರಡೆರಡು ಸಲ ಕೇಳ್ತು ನನ್ನ!

…

…

ಫ್ಯಾನ್ ಯಾಕೋ ಸದ್ದು ಮಾಡ್ತಾ ಇದೆ. ಎಣ್ಣೆ ಬಿಡಬೇಕು.

…ಪುಟ್ಟಿ. ಏನಾದ್ರೂ ಅನ್ನು. ಬೈದುಬಿಡು.

ಕೇಳ್ತು ಕಣಮ್ಮ. ನೆಟ್ಟಗೆ, ಮರ್ಯಾದೆಯಿಂದ ಕೇಳ್ತು. "ಬದಲಾವಣೆಗಳನ್ನು ಉಳಿಸಬೇಕೇ?" ಅಂತ. ಅರ್ಜೆಂಟ್ ಆಸಾಮಿನೂ ಇರಲಿಲ್ಲ, ಅವನು ಫೋಟೋ ತಗೊಂಡು ಹೋಗಿ ಅರ್ಧ ಗಂಟೆ ಆಗಿತ್ತು. ನಾನೊಬ್ಬನೇ, ಅದೊಂದೇ. ಮೊದಲನೇ ಸಲ ರದ್ದು ಒತ್ತಿದೆ. ಎದ್ದು ಹೋಗಿ ನೀರು ಕುಡಿದೆ. ಮತ್ತೆ ಬಂದು ಕೂತು ಇಂಟು ಮಾರ್ಕ್ ಒತ್ತಿದೆ. ಮತ್ತೆ ಕೇಳ್ತು. ಅದಕ್ಕೆ ಬೇಸರವೇ ಇಲ್ಲ, ಸಂಜೆವರೆಗೂ ಕೇಳ್ತಾನೇ ಇರ್ತಿತ್ತು. ಜನ ಓದದೇ ಒತ್ತುತ್ತಾರೆ ಅಂತೀಯಲ್ಲ, ನಾನು ಓದಿದೆ. ಕನ್ನಡಕ ಹಾಕ್ಕೊಂಡು, ಒಂದೊಂದು ಅಕ್ಷರ ಬಿಡಿಸಿ ಓದಿದೆ. ಓದಿಯೇ ಬೇಡ ಅಂತ ಒತ್ತಿದೆ.

ಯಾಕೆ ಅಂದ್ರೆ… ಎಂಥಾ ಫೋಟೋ ತೆಗೆದಿದ್ದೀಯ ನೀನು! ಕನ್ನಡಿ ಮುಂದೆ ಈ ಭೂಪ, ತಲೆ ಮೇಲೆ ಎರಡು ಬೆರಳು, ತಾನೇ ಗೂಳಿ! ಇನ್ನೊಂದು ಕೈಯಲ್ಲಿ ಚೀಟಿ. ಆ ಚೀಟೀನ ಎಷ್ಟು ಸ್ಪಷ್ಟ ಮಾಡಿದ್ದೀಯ ಅಂದ್ರೆ, ಬರೆದಿರೋದು ಅಷ್ಟೂ ಓದಬಹುದು. "ಇಲ್ಲಿ ನಿಲ್ಲಿಸು. ಎರಡು ಎಣಿಸು. ಆಮೇಲೆ ಹೆಂಡತಿ." ನನ್ನ ಕೈಬರಹ! ಪುರಭವನದ ಗೋಡೆ ಮೇಲೆ, ಆಳೆತ್ತರ! ಕ್ಷೌರದವನು ಬರ್ತಾನೆ, ಹೆಡ್‌ಮಿಸ್ ಬರ್ತಾರೆ. ಬಾಯಿ ತೆಗೆದ್ರೆ ಉದುರುತ್ತೆ ಅಂದವನು ಬೆಳಿಗ್ಗೆ ಎದ್ದು ಪಾಠ ಒಪ್ಪಿಸ್ಕೊಳ್ತಾನೆ ಅಂತ ಊರಿಗೇ ಗೊತ್ತಾಗುತ್ತೆ.

ಮೊದಲು ಬೇಕಿರಲಿಲ್ಲ ಪುಟ್ಟಿ, ನಿಜವಾಗ್ಲೂ ಉದುರ್ತಿತ್ತು. ಈಚೆಗೆ ನಡುವೆ ಮರೆತುಹೋಗುತ್ತೆ. ಗೂಳಿ ಓಡಿ ಬರ್ತಾ ಇರುತ್ತೆ, ಮುಂದೇನು ಅಂತ ಹೊಳೆಯಲ್ಲ. ಗೂಳಿ ಬಯಲಲ್ಲಿ, ನಾನಿಲ್ಲಿ, ಸ್ಟೂಲಿನ ಮೇಲಿರೋರು ಅದೇ ಹಲಗೆ. ಅದಕ್ಕೇ ಚೀಟಿ. ನಿಮ್ಮತ್ತೆಗೂ ಹೇಳಿಲ್ಲ.

ಮತ್ತೆ… ಆ ಮುಖ. ಮೂವತ್ತೊಂದು ವರ್ಷ ಊರೆಲ್ಲರ ಮುಖ ನೋಡಿದೆ, ಆ ಮುಖ ಮಾತ್ರ ನೋಡಿರಲಿಲ್ಲ. ಎಷ್ಟು ಕಷ್ಟಪಡ್ತಾ ಇತ್ತೇ ಅದು, ನಗಿಸೋದಕ್ಕೆ! ಒಳ್ಳೆ ಫೋಟೋ. ನಾನು ತೆಗೆದಿದ್ದರಲ್ಲಿ ಅಂಥದ್ದು ಒಂದೂ ಇಲ್ಲ. ಅದೂ ಒಂದು ಸಂಕಟ, ಹೇಳಿಬಿಡ್ತೀನಿ.

ನಿನ್ನ ಆರು ತಿಂಗಳನ್ನ ನಾನು ಬೇಡ ಅಂತ ಒತ್ತಿಬಿಟ್ಟೆ. ಬೀಳೋ ಬೈಗುಳ ಬೀಳಲಿ ಅಂತ…

ಈಗ ಕ್ಯಾಮೆರಾ ಯಾಕೆ ಕೈಗೆ ತಗೊಂಡೆ? …ಕಾರ್ಡ್ ಹಾಕ್ತಾ ಇದ್ದೀಯಾ? ಲೇ, ಈಗ ಗಂಟೆ ಎಷ್ಟು! ಐದೂವರೆ ಆಗ್ತಾ ಬಂತು, ಬೆಳಕು ನೋಡು ಹೇಗಿದೆ… ಆ ಕಿಟಕಿ ಕಡೆಯಿಂದ ಇನ್ನೊಂಚೂರು ಸಿಗುತ್ತೆ, ಪರದೆ ಪೂರ್ತಿ ಸರಿಸಿದ್ರೆ. ಸರಿಸು. ಹಾಂ, ಅಷ್ಟು ಸಾಕು.

ಕನ್ನಡಿ ಹತ್ರ ಬರಲಾ? …ಬೇಡ್ವಾ? ಇಲ್ಲೇನಾ? ಏನು ಮಾಡ್ತಾ ಇರಬೇಕು ನಾನು? ಈ ಕೈ ಎಲ್ಲಿಡೋದು? ಈಗ ಯಾವ ಕಥೆನೂ ಇಲ್ಲ ಪುಟ್ಟಿ ನನ್ನ ಹತ್ರ. ಚೀಟಿ ಬೇರೆ ಷರ್ಟಿನಲ್ಲಿದೆ. ನೋಡು, ನಾನೇ ಹಲಗೆ ಆಗ್ಹೋದೆ!

…ಯಾಕೆ ಕಣ್ಣಿಗೆ ಹಿಡೀತಾ ಇಲ್ಲ? ಎದೆ ಹತ್ರ ಇಟ್ಕೊಂಡು ಯಾಕೆ ಹಾಗೇ ನಿಂತಿದ್ದೀಯ, ಹುಬ್ಬು ಎತ್ಕೊಂಡು? ಹೊತ್ತು ಹೋಗ್ತಾ ಇದೆ ಕಣೇ, ಏನು ಕಾಯ್ತಾ…

ಓ.

…ಹೂಂ. ಕೇಳಿಸ್ತು.

ಹೌದು. ತೆಗಿ.