ಎಳೆಕೂಸಿನ ಪರ್ಮಿಶನ್

ಪಾಂಡವಪುರದ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಅತ್ತೆ, ಸೊಸೆ ಕೂತಿದ್ದರು. ಸೊಸೆಯ ಮಡಿಲಲ್ಲಿ ಗಂಡುಮಗು. ಅತ್ತೆಯ ಕೈಯಲ್ಲಿ ಸರ್ಕಾರಿ ಸೀಲು ಬಿದ್ದ ಕಾಗದ.

“ಸೀರಿಯಲ್‌ನೋರಿಗೆ ಫೋನ್ ಮಾಡವ್ವ, ಮಗು ಆಕ್ಟ್ ಮಾಡಕ್ಕೆ ಪರ್ಮಿಶನ್ ಸಿಕ್ತು ಅಂತ.”

“ನೀವು ನೀರು ಕುಡಿಯಕ್ಕೆ ಹೋದಾಗ ಮಾಡ್ದೆ ಕಣತ್ತೆ. ತೊಟ್ಲಲ್ಲಿ ಮಲಗೋ ಎಳೆಕೂಸು ಬೇಕಿತ್ತು, ಇವನು ಬ್ಯಾಡ ಅಂದ್ರು.”

“ಅರ್ಜಿ ಕೊಟ್ಟಾಗ ಎಳೆಕೂಸೇ ಅಲ್ವಾ?”

“ಡಾಕ್ಟ್ರ ಸರ್ಟಿಫಿಕೇಟು, ಅಪ್ಪ ಅಮ್ಮನ ಒಪ್ಪಿಗೆ ಅಂತ ಆಫೀಸ್ನೋರು ಐದು ತಿಂಗಳು ಓಡಾಡ್ಸಿದ್ರಲ್ಲ. ಈಗ ಎರಡು ಹಲ್ಲು ಬಂದವೆ.”

“ನಮ್ಮೂರು ಕ್ಯಾತನಹಳ್ಳಿಗೆಲ್ಲ ಟೀವೀಲಿ ಬತ್ತಾನೆ ಅಂತ ಹೇಳ್ಬುಟ್ಟಿವ್ನಿ ಕಣವ್ವ.”

ಬಸ್ಸು ಬಂತು. ಅತ್ತೆ ಮಗುವನ್ನು ಸೊಂಟಕ್ಕೆ ಹಾಕಿಕೊಂಡು ಎದ್ದರು.

“ಅತ್ತೆ, ಕಾಗದ ಕಚ್ತಾವ್ನೆ ನೋಡಿ.”

“ಕಚ್ಲಿ ಬುಡು. ಅವನ ಹೆಸರಿಗೇ ಬಂದಿರೋದು.”