ಒರತೆಗೆ ಹಾಸಿದ ಕಲ್ಲು

ಗುಡ್ಡದ ಮಗ್ಗುಲಿಗೆ ಅಂಟಿಕೊಂಡ ಒಂದೂರು. ಆ ಊರಲ್ಲಿ ಒಬ್ಬ ಸಾಹುಕಾರ. ಹೆಸರು ಬೇಡ; ಹೆಸರು ಹೇಳಿದರೆ ನೀವು ಕಥೆ ಬಿಟ್ಟು ಅವನ ಮನೆತನ ಹುಡುಕಲು ಹೊರಡುತ್ತೀರಿ. ಕೆಟ್ಟವನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕೆಟ್ಟವರ ಕಥೆಯಾದರೆ ನಾವೆಲ್ಲ ಆರಾಮವಾಗಿ ಕೇಳುತ್ತೇವೆ, ನಮಗಲ್ಲವಲ್ಲ ಎಂದು. ಇವನು ಒಳ್ಳೆಯವನು. ತಾಯಿಯೆಂದರೆ ಜೀವ. ಚೊಕ್ಕಟವೆಂದರೂ ಅಷ್ಟೇ ಜೀವ.

ಊರಿನ ಮೇಲ್ಗಡೆ, ಕಾಡು ಶುರುವಾಗುವಲ್ಲಿ, ದೊಡ್ಡದೊಂದು ಅತ್ತಿಮರದ ಬೇರಿನ ಸಂದಿಯಿಂದ ಒರತೆ ಹರಿಯುತ್ತಿತ್ತು. ಬೇಸಿಗೆಯಲ್ಲೂ ಬತ್ತದ ನೀರು. ಮೊದಲ ಕೊಡ ಊರದೇವಿಯ ಗುಡಿಗೆ, ಆಮೇಲೆ ಮನೆಮನೆಗೆ. ಹೊತ್ತು ಮುಳುಗಿದ ಮೇಲೆ ಊರಿನವರು ಯಾರೂ ಅತ್ತ ಹೋಗುತ್ತಿರಲಿಲ್ಲ. ಆಮೇಲಿನದು ಕಡವೆ, ಕಾಡುಹಂದಿ, ಮುಳ್ಳುಹಂದಿಗಳ ಸರದಿ. ಬೆಳಿಗ್ಗೆ ನೀರಿಗೆ ಹೋದ ಹೆಂಗಸರು ಕೆಸರಿನಲ್ಲಿ ಗೊರಸಿನ ಗುರುತು ನೋಡಿ, ಇವತ್ತು ಮರಿಯೂ ಜೊತೆಗೆ ಬಂದಿದೆ ಎಂದು ಮಾತಾಡಿಕೊಳ್ಳುತ್ತಿದ್ದರು, ನೆಂಟರ ಸುದ್ದಿ ಆಡಿದ ಹಾಗೆ. ಕೊಡದೊಳಗೆ ಏಡಿ ಬಂದರೆ ಅದನ್ನು ತಿರುಗಿ ನೀರಿಗೇ ಬಿಡುವುದು ಅಲ್ಲಿಯ ಪದ್ಧತಿ. ಏಡಿ ತೋಡಿದ ಬಿಲದಿಂದಲೇ ಸೆಲೆಯ ಬಾಯಿ ತೆರೆದಿರುತ್ತದೆ ಎಂದು ಹಿರಿಯರು ಹೇಳುತ್ತಿದ್ದರು.

ಒಂದು ಸಲ ಸಾಹುಕಾರನ ತಾಯಿ ಹಾಸಿಗೆ ಹಿಡಿದಳು. ಅವನು ದೇವಿಗೆ ಹರಕೆ ಹೊತ್ತ. ಅಮ್ಮ ಎದ್ದು ಕೂತರೆ ನಿನ್ನ ಒರತೆಯನ್ನು ನಿನಗೊಪ್ಪುವ ಹಾಗೆ ಕಟ್ಟಿಸಿಕೊಡುತ್ತೇನೆ ಎಂದ. ಅಮ್ಮ ಎದ್ದು ಕೂತಳು. ಇವನು ಪೇಟೆಯಿಂದ ಮೇಸ್ತ್ರಿಯನ್ನು ಕರೆಸಿದ.

ಏನೇನು ಮಾಡಿಸಿದ, ನೋಡಿ. ಮೇಲಿನ ಇಳಿಜಾರಿನಲ್ಲಿ ಮೊಣಕಾಲುದ್ದ ಬಿದ್ದಿದ್ದ ತರಗೆಲೆಯನ್ನು ಗುಡಿಸಿಸಿ ಸುಡಿಸಿದ. ಅಡ್ಡಾದಿಡ್ಡಿ ಚಾಚಿದ್ದ ಬೇರು ಕಡಿಸಿದ. ಕೆಸರು ತೆಗೆಸಿ ನುಣುಪು ಕಲ್ಲು ಹಾಸಿಸಿದ, ಸಂದಿಸಂದಿಗೂ ಸಿಮೆಂಟು ತುಂಬಿಸಿದ. ಏಡಿಗಳನ್ನು ಕುಕ್ಕೆಯಲ್ಲಿ ತುಂಬಿಸಿ ದೂರದ ಕಣಿವೆಗೆ ಸುರಿಸಿದ. ಸುತ್ತ ಕಬ್ಬಿಣದ ಬೇಲಿ, ಅದಕ್ಕೊಂದು ಬಾಗಿಲು, ಸಂಜೆಯಾದರೆ ಬೀಗ. ಊರಿನವರು ನೋಡಿ ಕೈಮುಗಿದರು. ಬೇಡವೆಂದು ಒಬ್ಬರೂ ಹೇಳಲಿಲ್ಲ. ಭಯಕ್ಕಲ್ಲ. ಅದು ನಿಜವಾಗಿಯೂ ಚೆನ್ನಾಗಿ ಕಾಣುತ್ತಿತ್ತು.

ಸಾಹುಕಾರ ಹೊಸ ನೀರಿನ ಮೊದಲ ತಂಬಿಗೆಯನ್ನು ತಾಯಿಗೆ ತಂದುಕೊಟ್ಟ.

“ಇನ್ನು ಒಂದೆಲೇನೂ ಬೀಳಲ್ಲ ಕಣವ್ವ, ನೀರಿಗೆ.”

“ಬಿದ್ರೆ ಏನಾಗ್ತಿತ್ತು ಮಗ?” ಎಂದಳು ತಾಯಿ. ಒಂದು ಗುಟುಕು ಕುಡಿದು, “ಏಡಿಗಳು ಎಲ್ಲೋದ್ವು?” ಎಂದು ಕೇಳಿದಳು.

“ಏಡಿ ಆಡಿದ ನೀರು ದೇವಿಗೆ ಹೆಂಗವ್ವ ಕೊಡೋದು?”

“ಇಷ್ಟು ಕಾಲ ಅವ್ಳು ಅದ್ನೇ ಅಲ್ವ ಕುಡ್ದಿದ್ದು?”

ಅವನು ನಕ್ಕ. ವಯಸ್ಸಾದವರ ಮಾತಿಗೆ ನಾವು ನಗುತ್ತೇವಲ್ಲ, ಹಾಗೆ.

ಮಳೆಗಾಲ ಬಂತು. ಎಲೆಯ ಹೊದಿಕೆಯಿಲ್ಲದ ಇಳಿಜಾರಿನಲ್ಲಿ ಮಳೆನೀರು ನಿಲ್ಲಲಿಲ್ಲ. ಹೆಂಚಿನ ಮೇಲೆ ಬಿದ್ದಂತೆ ಜಾರಿ, ಕೆಂಪಗೆ ಓಡಿಹೋಯಿತು. ನೆಲದೊಳಕ್ಕೆ ಇಳಿಯಬೇಕಾದ ನೀರು ಇಳಿಯಲೇ ಇಲ್ಲ. ಇಳಿದ ಅಷ್ಟಿಷ್ಟಕ್ಕೂ ಹೊರಬರುವ ಬಾಯಿ ಕಲ್ಲಿನಡಿ ಮುಚ್ಚಿಹೋಗಿತ್ತು. ಶಿವರಾತ್ರಿಯ ಹೊತ್ತಿಗೆ ಧಾರೆ ದಾರವಾಯಿತು. ಯುಗಾದಿಗೆ ಕಲ್ಲು ಒಣಗಿ ಬೆಳ್ಳಗೆ ಹೊಳೆಯಿತು. ತುಂಬ ಚೊಕ್ಕಟವಾಗಿತ್ತು. ನೀರೊಂದು ಇರಲಿಲ್ಲ.

ಹೆಂಗಸರು ಗುಡ್ಡ ಇಳಿದು ಹೊಳೆಗೆ ಹೋಗಬೇಕಾಯಿತು, ತುಂಬಿದ ಕೊಡ ಹೊತ್ತು ಮತ್ತೆ ಹತ್ತಬೇಕಾಯಿತು. ಸಾಹುಕಾರನ ಮನೆಗೆ ಆಳುಗಳು ತರುತ್ತಿದ್ದರು. ಆದರೆ ಹೊಳೆಯ ನೀರು ತಾಯಿಗೆ ಒಗ್ಗಲಿಲ್ಲ. ಮತ್ತೆ ಹೊಟ್ಟೆನೋವು, ಮತ್ತೆ ಹಾಸಿಗೆ. ಯಾವ ಜೀವಕ್ಕಾಗಿ ಹರಕೆ ಹೊತ್ತಿದ್ದನೋ ಆ ಜೀವವೇ ಹರಕೆ ತೀರಿಸಿದ್ದಕ್ಕೆ ಸೊರಗತೊಡಗಿತು. ದೇವಿ ಮುನಿದಳೇ, ಹರಕೆ ಸಾಲಲಿಲ್ಲವೇ, ಇನ್ನೂ ಏನಾದರೂ ಕಟ್ಟಿಸಲೇ ಎಂದು ಅವನು ಯೋಚಿಸಿದ. ನೋಡಿ, ಆಗಲೂ ಅವನಿಗೆ ಹೊಳೆದದ್ದು ಕಟ್ಟಿಸುವುದೇ.

ಒಂದು ಬೆಳಿಗ್ಗೆ ಬಾಗಿಲು ತೆಗೆದರೆ, ಊರಿನ ಕೊನೇ ಮನೆಯ ಸೊಸೆ ಜಗಲಿಯ ಮೇಲೆ ಒಂದು ಚಿಕ್ಕ ಬಿಂದಿಗೆ ಇಡುತ್ತಿದ್ದಳು. ತುಂಬು ಬಸುರಿ. ಗುಡ್ಡ ಹತ್ತಿದ ಏದುಸಿರು ಇನ್ನೂ ಇಳಿದಿರಲಿಲ್ಲ.

“ಅಜ್ಜಮ್ಮಂಗೆ ಸಾವ್ಕಾರ್ರೇ. ಕುದ್ಸಿ, ಜೀರಿಗೆ ಹಾಕಿ, ಆರ್ಸಿ ತಂದಿವ್ನಿ. ಹಸಿನೀರು ಆಗಲ್ವಂತಲ್ಲ ಅವ್ರಿಗೆ.”

“ನಿಮ್ಮನೆಗೆ ಏನ್ಮಾಡ್ತೀಯವ್ವ?”

“ಇನ್ನೊಂದ್ಸಲ ಇಳಿದ್ರಾಯ್ತು.”

ಅಷ್ಟೇ ಹೇಳಿದ್ದು. ನಿಮ್ಮಿಂದ ಹೀಗಾಯಿತು ಎನ್ನಲಿಲ್ಲ. ಬೈದಿದ್ದರೆ ಅವನು ತಿರುಗಿ ಬೈಯುತ್ತಿದ್ದನೇನೋ, ಅಲ್ಲಿಗೆ ಮುಗಿಯುತ್ತಿತ್ತು. ಅವನಿಂದ ನೀರು ಕಳೆದುಕೊಂಡವಳೇ ಅವನ ತಾಯಿಗೆ ನೀರು ತಂದಿದ್ದಳು.

ಅವನು ಹಾರೆ ತೆಗೆದುಕೊಂಡು ಮೇಲೆ ಹೋದ. ಆಳುಗಳನ್ನು ಕರೆಯಲಿಲ್ಲ. ಮೊದಲು ಬಾಗಿಲು ಕಿತ್ತ. ಆಮೇಲೆ ಒಂದೊಂದೇ ಕಲ್ಲು ಎಬ್ಬಿಸಿದ. ಅಂಗೈಯಲ್ಲಿ ಬೊಬ್ಬೆ ಬಂತು. ಕೊನೆಯ ಕಲ್ಲು ಎತ್ತಿದಾಗಲಾದರೂ ನೀರು ಚಿಮ್ಮಿತೇ? ಇಲ್ಲ. ಮಣ್ಣು ತುಸು ತೇವವಾಗಿತ್ತು, ಅಷ್ಟೇ. ನಾವು ಮಾಡಿದ್ದನ್ನು ನಾವು ಕಿತ್ತ ಕೂಡಲೇ ಕಾಡು ನಮ್ಮನ್ನು ಮನ್ನಿಸಿಬಿಡಬೇಕೇ?

ಕಣಿವೆಗೆ ಇಳಿದು ಏಡಿ ಹಿಡಿದು ತಂದು ಆ ತೇವದ ಮಣ್ಣಿಗೆ ಬಿಟ್ಟ. ಹಿಡಿಯಲು ಬರುತ್ತಿರಲಿಲ್ಲ, ಎರಡೂ ಹೆಬ್ಬೆರಳಿಗೆ ಕಚ್ಚಿಸಿಕೊಂಡ. ಸಾವ್ಕಾರ್ರು ಏಡಿ ಸಾರಿಗೆ ಇಳಿದುಬಿಟ್ಟರು ಎಂದು ಊರು ನಕ್ಕಿತು. ಅವನೂ ನಕ್ಕ. ಇಳಿಜಾರಿನಲ್ಲಿ ಬಿದ್ದ ಎಲೆಯನ್ನು ಯಾರೂ ಮುಟ್ಟಬಾರದೆಂದು ಕೇಳಿಕೊಂಡ. ಆ ಬೇಸಿಗೆ ಮುಗಿಯುವವರೆಗೆ ದಿನಾ ಹೊಳೆಗೆ ತಾನೇ ಇಳಿದು, ತಾಯಿಗೊಂದು ಕೊಡ, ಕೊನೇ ಮನೆಗೊಂದು ಕೊಡ ಹೊತ್ತು ತಂದ. ಕುದಿಸಿ ಆರಿಸಿದ ನೀರಿನಲ್ಲಿ ತಾಯಿ ಹೇಗೋ ದಿನ ನೂಕಿದಳು. ಮಳೆಗಾಲ ಕಳೆಯಿತು. ಮುಂದಿನ ಯುಗಾದಿಗೆ ಒರತೆಯಲ್ಲಿ ಬೆರಳಷ್ಟು ದಪ್ಪ ನೀರಿತ್ತು. ಮೊದಲಿನಷ್ಟಲ್ಲ. ತುಸು ಕಲಕಿತ್ತು, ಒಂದು ಎಲೆಯೂ ತೇಲುತ್ತಿತ್ತು. ತಾಯಿ ಎರಡು ತಂಬಿಗೆ ಕುಡಿದು, ಸಂಜೆ ಜಗಲಿಗೆ ಬಂದು ಕೂತಳು.

ಇದು ಅವನ ಕಥೆ. ಇನ್ನು ನಮ್ಮದು.

ಈ ಸಭಾಮಂಟಪದ ಹಿಂದಿನ ತೊರೆಗೆ ಕಲ್ಲು ಹಾಸಿ ಮೆಟ್ಟಿಲು ಕಟ್ಟಿಸಿಕೊಡೋಣವೇ ಎಂದು ನಿಮ್ಮಲ್ಲೇ ಕೆಲವರು ಕೇಳಿದ್ದೀರಿ. ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದೀರಿ, ನನಗೆ ಗೊತ್ತು. ಬೇಡ. ಅಲ್ಲಿ ಯಾರಿದ್ದಾರೆ ಎಂದು ಮೊದಲು ಹೋಗಿ ನೋಡಿ. ನಾಳೆ ಬೆಳಿಗ್ಗೆ ಅಂಗಳ ಗುಡಿಸಿದ ಮೇಲೆ ಎಲೆಯ ರಾಶಿಗೆ ಬೆಂಕಿ ಹಚ್ಚುತ್ತೀರಲ್ಲ, ಹಚ್ಚಬೇಡಿ. ಮರದ ಬುಡಕ್ಕೆ ತಳ್ಳಿಬಿಡಿ. ಮನೆಯ ಸುತ್ತ ಸಿಮೆಂಟು ಹಾಕಿಸುವವರು ಮಳೆ ಇಳಿಯಲು ಒಂದಿಷ್ಟು ಮಣ್ಣು ಉಳಿಸಿ. ಯಾರಿಗಾದರೂ ಉಪಕಾರ ಮಾಡಲು ಹೊರಟಾಗ, ಅದು ಗಿಡವಾಗಲಿ, ಸೊಸೆಯಾಗಲಿ, ಹೆತ್ತ ತಾಯಿಯೇ ಆಗಲಿ, ನಿಮಗೇನು ಬೇಕು ಎಂದು ಮೊದಲು ಕೇಳಿ. ಕೇಳಿದ ಮೇಲೆ, ಉತ್ತರ ಬರುವವರೆಗೆ ಸುಮ್ಮನಿರಿ.

ಈಗ ಮನೆಗೆ ಹೊರಡಿ. ಮಳೆ ಬಿಟ್ಟಿದೆ, ಕತ್ತಲಾಗುತ್ತಿದೆ, ಕಪ್ಪೆಗಳು ದಾರಿ ದಾಟುವ ಹೊತ್ತು. ಟಾರ್ಚನ್ನು ಕಾಲ ಬಳಿ ಹಿಡಿದು ಮೆಲ್ಲಗೆ ಹೋಗಿ. ಅವು ಮೊದಲು ದಾಟಲಿ.